ಯೆಹೂದ ಹಲೇವಿಯ ಚೀಯೋನ್ ಗೀತಗಳು: ಸಂಕಲ್ಪ ಮತ್ತು ಕ್ರಿಯೆ

೧

ಕ್ರಿ. ಶ. ೭೦ರಲ್ಲಿ ರೋಮನ್ ಸೇನೆಯು ಯೆರೂಸಲೇಮಿನ ದೇವಾಲಯವನ್ನು ಸುಟ್ಟು ಕೆಡವಿತು. ಅಂದಿನಿಂದ ೧೯೪೮ರಲ್ಲಿ ಇಸ್ರೇಲ್ ರಾಷ್ಟ್ರವು ಸ್ಥಾಪನೆಯಾಗುವವರೆಗೆ, ಬಹುಮಟ್ಟಿಗೆ ಸ್ವಂತ ರಾಜ್ಯವಿಲ್ಲದೆ, ಬಲಿಪೀಠವಿಲ್ಲದೆ, ಹಲವು ದೇಶಗಳಲ್ಲಿ ಚದುರಿಹೋಗಿ, ಯೆಹೂದ್ಯ ಜನಾಂಗವು ತನ್ನತನವನ್ನು ನೀಗಿಕೊಳ್ಳದೆ ಬಾಳಿ ಬಂದುದು ಇತಿಹಾಸದ ವಿಸ್ಮಯಗಳಲ್ಲಿ ಒಂದು. ಗಲಿಲಾಯದಂತಹ ಪ್ರದೇಶಗಳಲ್ಲಿ ಈ ಜನರ ಒಂದು ಭಾಗ ಮುಂದೆಯೂ ನೆಲೆಸಿದ್ದಿತೆಂಬುದು ನಿಜ; ಆದರೆ ಬಹುಪಾಲು ಜನಕ್ಕೆ ತಾಯ್ನಾಡೆಂಬುದು ಕಣ್ಣಿಗೆ ಕಾಣದ, ಮನಸ್ಸು ಮಾತ್ರ ಬಲ್ಲ ವಸ್ತುವಾಗಿದ್ದಿತು.

ಈ ಉಳಿವಿಗೆ ಕಾರಣವೇನೆಂದು ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: ಶ್ರದ್ಧೆ, ಮತ್ತು ಆ ಶ್ರದ್ಧೆಯು ಆಚಾರಗಳ ಮೂಲಕ ಜೀವಂತವಾಗಿರಿಸಿದ ನೆನಪು. ಯೆಹೂದ್ಯನು ಎಲ್ಲಿದ್ದರೂ ಪ್ರಾರ್ಥಿಸುವಾಗ ಯೆರೂಸಲೇಮಿನ ದಿಕ್ಕಿಗೆ ಮುಖಮಾಡಿ ನಿಲ್ಲುತ್ತಾನೆ. ಪಸ್ಕ ಹಬ್ಬದ ಭೋಜನದ ಕೊನೆಗೆ, ಬರುವ ವರ್ಷ ಆ ನಗರದಲ್ಲಿ ಸೇರುವಂತಾಗಲೆಂಬ ಹಾರೈಕೆ ಕೇಳಿಬರುತ್ತದೆ. ಮದುವೆಯ ಸಂಭ್ರಮದ ನಡುವೆ ಮದುಮಗನು ಗಾಜಿನ ಪಾತ್ರೆಯೊಂದನ್ನು ತುಳಿದು ಒಡೆದು, ಹಾಳಾದ ದೇವಾಲಯವನ್ನು ನೆನೆಯುತ್ತಾನೆ. ಸುಖದ ಗಳಿಗೆಯಲ್ಲಿಯೂ ನಷ್ಟವನ್ನು ಮರೆಯಗೊಡದ ಇಂತಹ ಏರ್ಪಾಡುಗಳೇ ಈ ಜನವನ್ನು ಕಾಯ್ದುವೆಂದು ಇತಿಹಾಸಕಾರರು ಹೇಳುವ ಮಾತಿನಲ್ಲಿ ಹುರುಳಿಲ್ಲದಿಲ್ಲ.

ಆದರೆ ಇಲ್ಲಿ ಒಂದು ಪ್ರಶ್ನೆ ಹುಟ್ಟುತ್ತದೆ. ಪ್ರತಿದಿನವೂ ವಿಧಿವತ್ತಾಗಿ ನೆನೆಯುವವನು ಕಾಲಕ್ರಮದಲ್ಲಿ ಆ ನೆನಪಿನಲ್ಲಿಯೇ ನೆಮ್ಮದಿಯಾಗಿ ನೆಲೆಸಿಬಿಡುವುದು ಅಸಾಧ್ಯವೆ? ಮರಳುವ ಹಂಬಲವನ್ನು ನುಡಿಯುವುದೇ ಮರಳುವ ಕ್ರಿಯೆಗೆ ಬದಲಿಯಾಗಿಬಿಡಬಹುದಲ್ಲವೆ? ಈ ಸಂದೇಹವನ್ನು ಹೊರಗಿನವರು ಎತ್ತಿದ್ದರೆ ಅದಕ್ಕೆ ಅಷ್ಟು ಬೆಲೆ ಬರುತ್ತಿರಲಿಲ್ಲ. ಮಧ್ಯಯುಗದ ಹೀಬ್ರೂ ಕವಿಗಳಲ್ಲಿ ಅಗ್ರಗಣ್ಯನೆನಿಸಿದ ಯೆಹೂದ ಹಲೇವಿಯೇ ಅದನ್ನು ಎತ್ತಿದನು. ಎತ್ತಿ, ಮೊದಲು ತನ್ನ ಎದೆಗೇ ಅದನ್ನು ಗುರಿಯಾಗಿಸಿದನು. ಅವನ ಚೀಯೋನ್ ಗೀತಗಳನ್ನು ಕೇವಲ ಹಂಬಲದ ಗೀತಗಳೆಂದು ಓದುವುದು ರೂಢಿ. ಅವು ಹಂಬಲವನ್ನು ಒರೆಗೆ ಹಚ್ಚುವ ಗೀತಗಳೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

೨

ಹಲೇವಿಯು ೧೦೭೫ರ ಸುಮಾರಿಗೆ ಸ್ಪೇನಿನ ತುದೇಲದಲ್ಲಿ ಹುಟ್ಟಿದನೆಂದು ವಿದ್ವಾಂಸರ ಊಹೆ. ವೃತ್ತಿಯಿಂದ ವೈದ್ಯನು. ಅರಬ್ಬೀ ಕಾವ್ಯದ ಛಂದಸ್ಸು ಅಲಂಕಾರಗಳನ್ನು ಹೀಬ್ರೂ ಭಾಷೆಗೆ ಒಗ್ಗಿಸಿಕೊಂಡ ಅಂದಲೂಸಿಯದ ಕವಿಗೋಷ್ಠಿಗಳಲ್ಲಿ ಅವನು ಎಳೆಯ ವಯಸ್ಸಿನಲ್ಲಿಯೇ ಮನ್ನಣೆ ಪಡೆದನು. ಹಿರಿಯ ಕವಿ ಮೋಶೆ ಇಬ್ನ್ ಎಜ್ರನ ಸ್ನೇಹವೂ ಅವನಿಗೆ ದೊರೆಯಿತು. ಮಧುಪಾನ, ಸ್ನೇಹ, ಶೃಂಗಾರ ಎಲ್ಲವನ್ನೂ ಅವನು ಹಾಡಿದ್ದಾನೆ. ಆದುದರಿಂದ ಅವನು ಮುಂದೆ ಬಿಟ್ಟುಹೋದದ್ದು ಬರಡು ನೆಲವನ್ನಲ್ಲ, ಒಂದು ತುಂಬಿದ ಬಾಳನ್ನು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಆದರೆ ಆ ತುಂಬಿದ ಬಾಳಿನ ತಳಹದಿ ಭದ್ರವಾಗಿರಲಿಲ್ಲ. ೧೦೮೫ರಲ್ಲಿ ತೊಲೇದೊ ಕ್ರೈಸ್ತ ಅರಸನ ಕೈಸೇರಿತು; ೧೦೯೦ರಲ್ಲಿ ಗ್ರನಾದವು ಆಫ್ರಿಕದಿಂದ ಬಂದ ಮುರಾಬಿತರ ವಶವಾಯಿತು. ಎರಡು ಶಕ್ತಿಗಳ ಕಾಳಗದ ನಡುವೆ ಯೆಹೂದ್ಯರು ಇಬ್ಬರಿಗೂ ಬೇಕಾದವರು, ಇಬ್ಬರಿಗೂ ಪರಕೀಯರು. ಕಸ್ತೀಲಿಯದ ಆಸ್ಥಾನದಲ್ಲಿ ಪ್ರಭಾವಶಾಲಿಯಾಗಿದ್ದ ಸೊಲೊಮೋನ್ ಇಬ್ನ್ ಫರ್ರುಸಿಯೇಲನು ಹಿಂದಿರುಗುವನೆಂದು ಹಲೇವಿಯು ಸ್ವಾಗತಗೀತವೊಂದನ್ನು ರಚಿಸಿದ್ದನು. ೧೧೦೮ರಲ್ಲಿ ಆ ಮನುಷ್ಯನು ಕೊಲೆಯಾದುದರಿಂದ ಕವಿ ಶೋಕಗೀತವನ್ನು ಬರೆಯಬೇಕಾಯಿತು. ಅತ್ತ ೧೦೯೯ರಲ್ಲಿ ಯೆರೂಸಲೇಮು ಧರ್ಮಯುದ್ಧದ ಸೈನಿಕರ ವಶವಾಗಿ, ಅಲ್ಲಿ ಯೆಹೂದ್ಯರು ನೆಲೆಸಲು ಅಪ್ಪಣೆಯಿಲ್ಲದಂತಾಯಿತು. ಕನಸಿನಲ್ಲಿ ಕಂಡ ಸೂಚನೆಯನ್ನು ವಸ್ತುವಾಗುಳ್ಳ ಒಂದು ಕವಿತೆಯಲ್ಲಿ ೧೧೩೦ನೆಯ ವರ್ಷವನ್ನು ಬಿಡುಗಡೆಯ ವರ್ಷವೆಂದು ಅವನು ಎಣಿಸಿದ್ದುಂಟು. ಆ ವರ್ಷ ಬಂದಿತು, ಹೋಯಿತು, ಏನೂ ಆಗಲಿಲ್ಲ. ಹಲೇವಿಯ ಮನಸ್ಸು ಕಾಯುವುದರಿಂದ ಹೊರಡುವುದರ ಕಡೆಗೆ ತಿರುಗಿದುದು ಇದಾದ ಮೇಲಿನ ಹತ್ತು ವರ್ಷಗಳಲ್ಲಿ.

೩

ಈ ತಿರುವಿನ ತಾತ್ತ್ವಿಕ ರೂಪವೇ 'ಕುಜಾರಿ' ಎಂಬ ಗದ್ಯಗ್ರಂಥ. ಹೀಬ್ರೂ ಲಿಪಿಯನ್ನು ಬಳಸಿ ಅರಬ್ಬೀ ಭಾಷೆಯಲ್ಲಿ ಬರೆದ ಈ ಕೃತಿ ೧೧೪೦ರ ಹೊತ್ತಿಗೆ ಮುಗಿಯಿತು. ೧೧೬೭ರಲ್ಲಿ ಹೀಬ್ರೂವಿಗೆ ಅನುವಾದಗೊಂಡಿತು. ನಮ್ಮ ವಿದ್ಯಾರ್ಥಿಗಳಿಗೆ ಹರ್ಷ್‌ಫೆಲ್ಡ್ ಎಂಬ ವಿದ್ವಾಂಸನ ೧೯೦೫ರ ಇಂಗ್ಲಿಷ್ ಅನುವಾದವೂ, ಕವಿತೆಗಳಿಗೆ ನೀನಾ ಸಾಲಮನ್ ಅವರ ೧೯೨೪ರ ಅನುವಾದವೂ ಉಪಯುಕ್ತವಾಗಿವೆ.

ಕಾಸ್ಪಿಯನ್ ಸಮುದ್ರದ ಆಚೆಯ ಖಜರ ದೇಶದ ಅರಸನು ಯೆಹೂದ್ಯ ಮತವನ್ನು ಸ್ವೀಕರಿಸಿದನೆಂಬ ಐತಿಹ್ಯವೇ ಇದರ ಚೌಕಟ್ಟು. ಅರಸನಿಗೆ ಮರಳಿ ಮರಳಿ ಒಂದು ಕನಸು ಬೀಳುತ್ತದೆ. ನಿನ್ನ ಸಂಕಲ್ಪವು ದೇವರಿಗೆ ಪ್ರಿಯವಾಗಿದೆ, ನಿನ್ನ ಕ್ರಿಯೆಯು ಪ್ರಿಯವಾಗಿಲ್ಲವೆಂದು ದೇವದೂತನು ಹೇಳುತ್ತಾನೆ. ಕಳವಳಗೊಂಡ ಅರಸನು ತತ್ತ್ವಜ್ಞಾನಿಯನ್ನೂ ಕ್ರೈಸ್ತನನ್ನೂ ಮುಸಲ್ಮಾನನನ್ನೂ ಕೊನೆಗೆ ಯೆಹೂದ್ಯ ಪಂಡಿತನನ್ನೂ ಕರೆಸಿ ವಿಚಾರಿಸುತ್ತಾನೆ. ಮನಸ್ಸು ಶುದ್ಧವಾಗಿದ್ದರೆ ಆಚರಣೆ ಹೇಗಿದ್ದರೇನು ಎಂಬ ತತ್ತ್ವಜ್ಞಾನಿಯ ಧೋರಣೆ ಅರಸನಿಗೆ ಒಪ್ಪಿಗೆಯಾಗುವುದಿಲ್ಲ. ಏಕೆಂದರೆ ಅವನ ಕನಸು ಹೇಳಿದ್ದು ಅದಕ್ಕೆ ತೀರ ವಿರುದ್ಧವಾದ ಮಾತು.

ಯೆಹೂದ್ಯ ಪಂಡಿತನ ವಾದವು ಜಗತ್ತಿನ ಸೃಷ್ಟಿಯಿಂದ ಪ್ರಾರಂಭವಾಗದೆ, ಐಗುಪ್ತದ ದಾಸ್ಯದಿಂದ ಬಿಡುಗಡೆ ಪಡೆದ ಜನರ ಅನುಭವದಿಂದ ಪ್ರಾರಂಭವಾಗುತ್ತದೆ. ಈ ಜನರ ಉಳಿವನ್ನು ವಿವರಿಸಲು ಅವನು ಬಳಸುವ ಉಪಮಾನಗಳು ಗಮನಾರ್ಹವಾಗಿವೆ. ಜನಾಂಗಗಳ ನಡುವೆ ಇಸ್ರಾಯೇಲು ಅವಯವಗಳ ನಡುವಣ ಹೃದಯದಂತೆ. ದೇಹದ ಪ್ರತಿಯೊಂದು ಬೇನೆಯೂ ಅದನ್ನು ಮೊದಲು ತಟ್ಟುತ್ತದೆ, ಆದರೂ ಜೀವದ ನೆಲೆ ಅದೇ. ಮಣ್ಣಿನಲ್ಲಿ ಬಿದ್ದ ಬೀಜವು ಕೊಳೆತು ಮಣ್ಣಾದಂತೆ ಕಾಣುತ್ತದೆ. ಆದರೆ ಮಣ್ಣು ನೀರುಗಳನ್ನೇ ತನ್ನ ಸ್ವಭಾವಕ್ಕೆ ಮಾರ್ಪಡಿಸಿಕೊಂಡು ಮರವಾಗಿ ಏಳುತ್ತದೆ. ಇವು ಬರಿಯ ಅಲಂಕಾರಗಳಲ್ಲ. ಸೋಲನ್ನೇ ದೇವರ ತಿರಸ್ಕಾರಕ್ಕೆ ಸಾಕ್ಷಿಯೆಂದು ಗೆದ್ದವರು ಹೇಳುತ್ತಿದ್ದ ಕಾಲದಲ್ಲಿ, ಸೋತವರ ಪರವಾಗಿ ಕೊಟ್ಟ ಉತ್ತರಗಳು. ಗ್ರಂಥದ ಅರಬ್ಬೀ ಹೆಸರಿನಲ್ಲಿಯೇ 'ಹೀನಾಯಕ್ಕೊಳಗಾದ ಮತ'ದ ಸಮರ್ಥನೆಯೆಂಬ ಅರ್ಥವಿದೆ. ಇಸ್ರಾಯೇಲಿನವನಿಗೆ ಹುಟ್ಟಿನಿಂದಲೇ ಒಂದು ವಿಶೇಷ ಯೋಗ್ಯತೆ ಬರುತ್ತದೆ, ಮತಾಂತರ ಹೊಂದಿದವನು ಅವನಿಗೆ ಸಮನಾಗಲಾರನೆಂದು ಪಂಡಿತನು ಹೇಳುವ ಭಾಗವು ಮಾತ್ರ ಇಂದಿನ ವಾಚಕನಿಗೆ ಒಪ್ಪಿತವಾಗುವುದು ಕಷ್ಟ. ವಾದದ ಈ ಮಿತಿಯನ್ನು ಮರೆಮಾಚಬೇಕಾಗಿಲ್ಲ.

ಆದರೆ ಕೃತಿಯ ನಿಜವಾದ ನಾಟಕೀಯ ಕ್ಷಣ ಎರಡನೆಯ ಭಾಗದಲ್ಲಿದೆ. ಪಂಡಿತನು ಪವಿತ್ರಭೂಮಿಯ ಮಹಿಮೆಯನ್ನು ವಿಸ್ತಾರವಾಗಿ ಬಣ್ಣಿಸುತ್ತಾನೆ. ಎಲ್ಲವನ್ನೂ ಕೇಳಿದ ಅರಸನು, ಹಾಗಾದರೆ ನೀನು ಅಲ್ಲಿಗೇಕೆ ಹೋಗಿಲ್ಲ, ಆ ನೆಲದ ಕಡೆಗೆ ಮಾಡುವ ನಿನ್ನ ನಮಸ್ಕಾರಗಳು ಬರಿಯ ತೋರಿಕೆಯಲ್ಲವೆ ಎಂದು ಆಕ್ಷೇಪಿಸುತ್ತಾನೆ. ಇಂತಹ ಸಂವಾದಗ್ರಂಥಗಳಲ್ಲಿ ಕರ್ತೃವಿನ ಪ್ರತಿನಿಧಿಯಾದ ಪಾತ್ರವು ಪ್ರತಿ ಆಕ್ಷೇಪಕ್ಕೂ ಉತ್ತರ ಸಿದ್ಧವಾಗಿಟ್ಟುಕೊಂಡಿರುವುದು ವಾಡಿಕೆ. ಇಲ್ಲಿ ಪಂಡಿತನು ತನಗೆ ನಾಚಿಕೆಯಾಯಿತೆಂದು ಒಪ್ಪಿಕೊಂಡುಬಿಡುತ್ತಾನೆ. ಅಷ್ಟೇ ಅಲ್ಲ, ಬಾಬಿಲೋನಿನಿಂದ ಮರಳಲು ಅವಕಾಶ ದೊರೆತಾಗಲೂ ಹೆಚ್ಚಿನವರು ಮನೆಮಠ ವ್ಯವಹಾರಗಳನ್ನು ಬಿಡಲೊಲ್ಲದೆ ಅಲ್ಲಿಯೇ ಉಳಿದರೆಂದೂ, ಚೀಯೋನಿನ ವಿಷಯವಾಗಿ ತಾವು ಮಾಡುವ ಪ್ರಾರ್ಥನೆಯು ಕಲಿತ ಮಾತನ್ನು ಒದರುವ ಹಕ್ಕಿಯ ದನಿಯಂತಿದೆಯೆಂದೂ ತಾನಾಗಿ ಹೇಳುತ್ತಾನೆ. ನಾವು ಗಿಳಿಪಾಠವೆನ್ನುವುದು ಇದನ್ನೇ.

ಇಲ್ಲಿ ಕೃತಿಯ ಬಂಧವನ್ನು ಗಮನಿಸಬೇಕು. ಸಂಕಲ್ಪ ಸರಿ, ಕ್ರಿಯೆ ಸರಿಯಿಲ್ಲ ಎಂದು ದೇವದೂತನು ಅರಸನ ಮೇಲೆ ಹೊರಿಸಿದ ದೋಷವನ್ನೇ ಈಗ ಅರಸನು ಪಂಡಿತನ ಮೇಲೆ ಹೊರಿಸಿದ್ದಾನೆ. ಬೋಧಿಸಬಂದವನು ಶಿಷ್ಯನ ಸ್ಥಾನದಲ್ಲಿ ನಿಲ್ಲುತ್ತಾನೆ. ಐದನೆಯ ಭಾಗದ ಕೊನೆಗೆ ಪಂಡಿತನು ಯೆರೂಸಲೇಮಿಗೆ ಹೊರಟು ನಿಂತಾಗ ಅರಸನೇ ತಡೆಯುತ್ತಾನೆ: ದೇವರು ನಿನ್ನ ಸಂಕಲ್ಪವನ್ನು ಬಲ್ಲನು, ಅದು ಸಾಲದೆ? ಪಂಡಿತನ ಉತ್ತರವು ಇಡೀ ಗ್ರಂಥದ ತಿರುಳು. ಕ್ರಿಯೆ ಅಸಾಧ್ಯವಾದಾಗ ಮಾತ್ರ ಸಂಕಲ್ಪ ಸಾಕು, ಸಾಧ್ಯವಾಗಿರುವಾಗ ಸಾಲದು. ದಾರಿಯ ಅಪಾಯವನ್ನು ಕುರಿತ ಮಾತಿಗೆ, ಕೀರ್ತಿಗಾಗಿಯೂ ಕೊಳ್ಳೆಗಾಗಿಯೂ ಯುದ್ಧದಲ್ಲಿ ಪ್ರಾಣವನ್ನು ಪಣವಾಗಿಡುವವರಿಗಿಂತ ಈ ಯಾತ್ರಿಕನ ಸಾಹಸ ಮೇಲೆಂದು ಉತ್ತರಿಸುತ್ತಾನೆ.

೪

'ಕುಜಾರಿ'ಯ ಬೆಳಕಿನಲ್ಲಿ ಕವಿತೆಗಳನ್ನು ಓದಿದರೆ ಅವುಗಳ ಸ್ವರೂಪ ಬೇರೆಯಾಗಿ ಕಾಣುತ್ತದೆ. ಹಲೇವಿಯ ಅತ್ಯಂತ ಪ್ರಸಿದ್ಧವಾದ ಕಿರುಗವಿತೆಯಲ್ಲಿ ಕವಿಯ ಹೃದಯವು ಮೂಡಣದಲ್ಲಿದೆ, ದೇಹವು ಪಡುವಣದ ಕಟ್ಟಕಡೆಯಲ್ಲಿದೆ. ಉಂಡ ಅನ್ನಕ್ಕೆ ರುಚಿಯಿಲ್ಲ. ತೊಟ್ಟ ಹರಕೆಗಳನ್ನು ಸಲ್ಲಿಸುವ ಬಗೆಯಿಲ್ಲ. ಚೀಯೋನ್ ಒಬ್ಬರ ಹಿಡಿತದಲ್ಲಿದೆ, ಕವಿ ಇನ್ನೊಬ್ಬರ ಹಿಡಿತದಲ್ಲಿದ್ದಾನೆ. ಸ್ಪೇನಿನ ಸಮಸ್ತ ಸಂಪತ್ತನ್ನು ತೊರೆಯುವುದು ತನಗೆ ಹಗುರವೆಂದು ಹೇಳಿ, ಪಾಳುಬಿದ್ದ ಗರ್ಭಗುಡಿಯ ಧೂಳನ್ನು ಕಾಣುವುದು ಅಷ್ಟೇ ಅಮೂಲ್ಯವೆಂದು ಕವಿ ಮುಗಿಸುತ್ತಾನೆ. ಕೊನೆಯ ಈ ಮಾತು ಭಾವೋದ್ರೇಕದ ಮಾತಾಗಿ ಕಂಡರೂ, ಹಗುರವಾದುದನ್ನು ಇನ್ನೂ ಮಾಡಿಲ್ಲವೇಕೆಂಬ ಪ್ರಶ್ನೆಯನ್ನು ಅದು ತನ್ನ ಹಿಂದೆಯೇ ತರುತ್ತದೆ. ಕವಿತೆಯಲ್ಲಿ ಹೇಳದೆ ಉಳಿದಿರುವ ಈ ಪ್ರಶ್ನೆಯೇ ಅದರ ಧ್ವನಿ.

ನಮ್ಮ ಆಲಂಕಾರಿಕರ ಪರಿಭಾಷೆಯಲ್ಲಿ ಇದನ್ನು ವಿಪ್ರಲಂಭವೆನ್ನಬಹುದು. ಆದರೆ ಒಂದು ಭೇದವುಂಟು. 'ಮೇಘದೂತ'ದ ಯಕ್ಷನು ಶಾಪಕ್ಕೆ ಕಟ್ಟುಬಿದ್ದವನು. ಶಾಪದ ಅವಧಿ ತೀರುವ ತನಕ ಅವನು ಕದಲುವಂತಿಲ್ಲ, ಮೋಡದ ಮೂಲಕ ಸಂದೇಶ ಕಳುಹಿಸಬಹುದಷ್ಟೆ. ಅವನ ಪಾಲಿಗೆ ಕ್ರಿಯೆ ಅಸಾಧ್ಯ, ಆದ್ದರಿಂದ ಸಂಕಲ್ಪವೇ ಸಾಕು. ಯೆಹೂದ್ಯ ಸಂಪ್ರದಾಯದಲ್ಲಿಯೂ ದೇಶಭ್ರಷ್ಟತೆಯನ್ನು ಹೀಗೆ ಅವಧಿಯುಳ್ಳ ಶಿಕ್ಷೆಯೆಂದು ಕಂಡವರುಂಟು. ಇಸ್ರಾಯೇಲಿನ ಜನ ಒಟ್ಟಾಗಿ ಬಲಾತ್ಕಾರದಿಂದ ತಾಯ್ನಾಡಿಗೆ ನುಗ್ಗಬಾರದೆಂದು ದೇವರು ಆಣೆಯಿಟ್ಟಿದ್ದಾನೆಂಬ ಮಾತು ತಾಲ್ಮೂದಿನಲ್ಲಿ ಬರುತ್ತದೆ. ಬಿಡುಗಡೆ ದೇವರಿಂದಲೇ ಬರಬೇಕು, ಮನುಷ್ಯನು ತಾಳ್ಮೆಯಿಂದ ಕಾಯಬೇಕು ಎಂಬ ನಿಲುವಿಗೆ ಅನೇಕ ಗುರುಗಳು ಅದನ್ನು ಆಧಾರವಾಗಿ ಹಿಡಿದಿದ್ದಾರೆ. ಇದೂ ಶ್ರದ್ಧೆಯೇ, ಇದನ್ನು ಹೇಡಿತನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಹಲೇವಿಯ ವೈಶಿಷ್ಟ್ಯವೆಂದರೆ, ತನ್ನ ಕಾಲನ್ನು ಕಟ್ಟಿರುವುದು ಶಾಪವೋ ಅಭ್ಯಾಸವೋ ಎಂದು ಅವನು ಕೇಳಿಕೊಂಡದ್ದು.

ಚೀಯೋನನ್ನು ಸಂಬೋಧಿಸಿ ಹಾಡಿದ ದೀರ್ಘಗೀತದ ರಚನಾಕ್ರಮವೂ ಇಲ್ಲಿ ವಿಚಾರಾರ್ಹ. ತೊರೆದುಹೋದ ಪ್ರಿಯೆಯ ಬಿಡಾರದ ಅವಶೇಷಗಳ ಮುಂದೆ ನಿಂತು ಕಣ್ಣೀರಿಡುವುದು ಅರಬ್ಬೀ ಕಾವ್ಯದ ಪ್ರಾಚೀನ ಪದ್ಧತಿ. ಹಲೇವಿಯು ಆ ಪದ್ಧತಿಯನ್ನು ತೆಗೆದುಕೊಂಡು ಪಾಳುಬಿದ್ದ ನಗರವನ್ನೇ ಪ್ರಿಯೆಯಾಗಿಸುತ್ತಾನೆ. ನಮ್ಮ ಆದಿಪ್ರಾಸದಂತಲ್ಲದೆ ಇಲ್ಲಿ ಗೀತದುದ್ದಕ್ಕೂ ಒಂದೇ ಅಂತ್ಯಪ್ರಾಸವಿದೆ; ಆ ಪ್ರಾಸವಾದರೋ 'ನಿನ್ನ' ಎಂಬರ್ಥದ ಸ್ತ್ರೀಲಿಂಗ ಪ್ರತ್ಯಯದಿಂದ ಸಿದ್ಧವಾದುದು. ಹೀಗಾಗಿ ನಿನ್ನ ಸೆರೆಯವರು, ನಿನ್ನ ಹಿಂಡುಗಳು ಎಂಬಂತೆ ಪ್ರತಿಯೊಂದು ಪದ್ಯವೂ ಆ ನಗರವನ್ನು ಮುಟ್ಟಿಯೇ ನಿಲ್ಲುತ್ತದೆ. ವ್ಯಾಕರಣದ ಒಂದು ಪ್ರತ್ಯಯವು ಭಾವದ ನೆಲೆಯಾಗಿರುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ವಿರಳ. ಅರಬ್ಬೀ ಛಂದಸ್ಸು ಹೀಬ್ರೂ ಭಾಷೆಯ ಸಹಜ ಗತಿಯನ್ನು ಕೆಡಿಸಿತೆಂದು 'ಕುಜಾರಿ'ಯ ಪಂಡಿತನು ಆಕ್ಷೇಪಿಸುತ್ತಾನೆ. ಆದರೆ ಕವಿಯ ಶ್ರೇಷ್ಠಗೀತವು ಆ ಛಂದಸ್ಸಿನಲ್ಲಿಯೇ ಇದೆ. ಪರದೇಶವನ್ನು ಬಿಡಬಯಸಿದವನಿಗೆ ಆ ಹಂಬಲವನ್ನು ನುಡಿಯಲು ಪರದೇಶವು ಕೊಟ್ಟ ಛಂದಸ್ಸೇ ಒದಗಿತು.

ಗೀತದ ಕೊನೆಯಲ್ಲಿ ಕವಿಯು ಯಾರನ್ನು ಧನ್ಯನೆಂದು ಕರೆಯುತ್ತಾನೆಂಬುದನ್ನು ನೋಡಬೇಕು: ಕಾಯುವವನನ್ನು ಮತ್ತು ಮುಟ್ಟುವವನನ್ನು. ಈ ಎರಡು ಕ್ರಿಯಾಪದಗಳು ಮೂಲದಲ್ಲಿ ಒಂದರ ಪಕ್ಕದಲ್ಲಿ ಒಂದು ನಿಂತಿವೆ. ಕಾಯುವುದನ್ನು ಹಲೇವಿಯು ತಿರಸ್ಕರಿಸಲಿಲ್ಲ. ಅದು ಮುಟ್ಟುವುದರಲ್ಲಿ ಕೊನೆಗಾಣಬೇಕೆಂದನು.

೫

೧೧೪೦ರಲ್ಲಿ ಹಲೇವಿಯು ಸ್ಪೇನನ್ನು ಬಿಟ್ಟು ಹೊರಟನು. ಆ ವರ್ಷದ ಸೆಪ್ಟೆಂಬರಿನಲ್ಲಿ ಅಲೆಕ್ಸಾಂದ್ರಿಯವನ್ನು ಮುಟ್ಟಿದನು. ಈ ಯಾತ್ರೆಗೆ ಸಂಬಂಧಿಸಿದ ಸಮುದ್ರಗೀತಗಳಲ್ಲಿ ಭಕ್ತನ ಉತ್ಸಾಹದಷ್ಟೇ ಮನುಷ್ಯನ ಅಂಜಿಕೆಯೂ ಇದೆ. ಅಲೆಗಳ ನಡುವೆ ಹಡಗು ಹೊಯ್ದಾಡುವಾಗ ಅವನಿಗೆ ಬಿಟ್ಟುಬಂದ ಒಬ್ಬಳೇ ಮಗಳ ನೆನಪಾಗುತ್ತದೆ; ಅವಳ ಮಗನ ನೆನಪಾಗುತ್ತದೆ. ಮೊಮ್ಮಗನ ಹೆಸರೂ ಯೆಹೂದ. ಯೆಹೂದನು ಯೆಹೂದನನ್ನು ಮರೆಯುವುದೆಂತೆಂದು ಕವಿಯು ಹೆಸರಿನೊಡನೆ ಆಡುವಾಗ ಆ ಆಟದ ಕೆಳಗೆ ಅಳು ಕೇಳಿಸುತ್ತದೆ. ತೊರೆಯುವುದು ಹಗುರವೆಂದು ಕಿರುಗವಿತೆಯಲ್ಲಿ ನುಡಿದವನೇ ಅದು ಎಷ್ಟು ಭಾರವೆಂಬುದನ್ನು ಇಲ್ಲಿ ಕಂಡುಕೊಳ್ಳುತ್ತಾನೆ. ಕ್ರಿಯೆಗೆ ಇಳಿದ ಮೇಲೆ ಮಾತ್ರ ದೊರೆಯುವ ಅರಿವಿದು. ಸಮುದ್ರಗೀತಗಳ ಹಿರಿಮೆ ಇರುವುದು ಇದರಲ್ಲಿ.

ಮುಂದೇನಾಯಿತು? ೧೬ನೆಯ ಶತಮಾನದಲ್ಲಿ ಗೆದಲ್ಯ ಇಬ್ನ್ ಯಹ್ಯನು ಬರೆದಿಟ್ಟ ಐತಿಹ್ಯದ ಪ್ರಕಾರ, ಕವಿಯು ಯೆರೂಸಲೇಮಿನ ಬಾಗಿಲಲ್ಲಿ ನೆಲಕ್ಕೆ ಬಿದ್ದು ತನ್ನ ಚೀಯೋನ್ ಗೀತವನ್ನು ಹಾಡುತ್ತಿರುವಾಗ ಅರಬ್ಬಿ ಸವಾರನೊಬ್ಬನು ಕುದುರೆಯ ಕಾಲ್ತುಳಿತದಿಂದ ಅವನನ್ನು ಕೊಂದನು. ಜರ್ಮನ್ ಕವಿ ಹೈನೆಯು ೧೮೫೧ರಲ್ಲಿ ಪ್ರಕಟವಾದ ತನ್ನ 'ರೊಮಾನ್ಸೆರೊ' ಸಂಕಲನದಲ್ಲಿ ಈ ಕಥೆಯನ್ನು ಹಾಡಿ ಅದಕ್ಕೆ ವ್ಯಾಪಕವಾದ ಪ್ರಚಾರವನ್ನು ತಂದುಕೊಟ್ಟನು.

ಇದಕ್ಕೆ ಎದುರಾಗಿ ನಿಲ್ಲುವುದು ಕೈರೋದ ಗೆನೀಜಾ ಸಂಗ್ರಹದ ಸಾಕ್ಷ್ಯ. ದೇವರ ಹೆಸರಿರುವ ಬರಹವನ್ನು ನಾಶಮಾಡಬಾರದೆಂಬ ನಂಬಿಕೆಯಿಂದ ಫುಸ್ತಾತಿನ ಬೆನ್ ಎಜ್ರ ಸಭಾಮಂದಿರದ ಕೋಣೆಯೊಂದರಲ್ಲಿ ಶತಮಾನಗಳ ಕಾಲ ಹಾಕಿಟ್ಟ ಲಕ್ಷಕ್ಕೂ ಮೀರಿದ ಪತ್ರಖಂಡಗಳನ್ನು ಸೊಲೊಮೋನ್ ಶೆಖ್ಟರ್ ಎಂಬ ವಿದ್ವಾಂಸನು ೧೮೯೬-೯೭ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ಸಾಗಿಸಿದನು. ಅವುಗಳಲ್ಲಿ ಹಲೇವಿಗೆ ಸಂಬಂಧಿಸಿದ ಪತ್ರಗಳನ್ನು ೧೯೫೦ರ ದಶಕದಿಂದ ಮೊದಲುಗೊಂಡು ಎಸ್. ಡಿ. ಗೋಯ್ಟೈನ್ ಬೆಳಕಿಗೆ ತಂದರು. ೧೧೪೧ರ ಮೇ ತಿಂಗಳಲ್ಲಿ ಕವಿಯು ಅಲೆಕ್ಸಾಂದ್ರಿಯದಲ್ಲಿ ಹಡಗನ್ನೇರಿ ಅನುಕೂಲವಾದ ಗಾಳಿಗಾಗಿ ಕಾಯುತ್ತಿದ್ದನೆಂದು ಈ ಪತ್ರಗಳಿಂದ ತಿಳಿಯುತ್ತದೆ. ಅದೇ ವರ್ಷದ ಕೊನೆಯ ಭಾಗದ ಪತ್ರವೊಂದು ಅವನನ್ನು ದಿವಂಗತನೆಂದು ಸೂಚಿಸುತ್ತದೆ. ಅವನು ಪವಿತ್ರಭೂಮಿಯನ್ನು ಮುಟ್ಟಿರಬೇಕೆಂಬುದು ಇಂದಿನ ವಿದ್ವಾಂಸರಲ್ಲಿ ಹಲವರ ಅಭಿಪ್ರಾಯ. ನಗರದ ಬಾಗಿಲು, ಸವಾರ, ಹಾಡುತ್ತ ಬಂದ ಮರಣ ಇವುಗಳಿಗೆ ಮಾತ್ರ ಆಧಾರವಿಲ್ಲ.

ಇದೇ ಪತ್ರರಾಶಿಯು ಕನ್ನಡ ನಾಡಿನ ಕರಾವಳಿಯನ್ನೂ ಮುಟ್ಟುತ್ತದೆಂಬುದನ್ನು ಇಲ್ಲಿ ಹೇಳದಿರಲಾಗದು. ಹಲೇವಿಯ ಆಪ್ತಮಿತ್ರನೂ ಅವನ ಪತ್ರಗಳಲ್ಲಿ ಕೆಲವನ್ನು ಪಡೆದವನೂ ಆದ ಹಲ್ಫೋನ್ ಬೆನ್ ನೆತನೇಲನು ಭಾರತದೊಡನೆ ವ್ಯಾಪಾರ ಮಾಡುತ್ತಿದ್ದ ವರ್ತಕನು. ಅದೇ ಕಾಲದ ಮತ್ತೊಬ್ಬ ವರ್ತಕನಾದ ಅಬ್ರಹಾಂ ಬೆನ್ ಯಿಜು ಎಂಬವನು ೧೧೩೨ರಿಂದ ಮಂಗಳೂರಿನಲ್ಲಿದ್ದು, ಹದಿನೇಳು ವರ್ಷಗಳ ಬಳಿಕ ೧೧೪೯ರಲ್ಲಿ ಏಡನ್ನಿಗೆ ಹಿಂದಿರುಗಿದನು. ಈ ಸಂಗತಿ ಬರಿಯ ಕುತೂಹಲದ್ದಲ್ಲ. ಮೆಣಸು ಲೋಹಗಳ ಲಾಭಕ್ಕಾಗಿ ಯೆಹೂದ್ಯ ವರ್ತಕರು ಮೆಡಿಟರೇನಿಯನ್ ತೀರದಿಂದ ಮಂಗಳೂರಿನವರೆಗೆ ಬಂದುಹೋಗುತ್ತಿದ್ದ ಯುಗದಲ್ಲಿ, ಯೆರೂಸಲೇಮಿನ ದಾರಿ ಅಸಾಧ್ಯವೆಂದು ಹೇಳುವುದು ಹೇಗೆ? ಅಂತಹ ಮಿತ್ರರ ನಡುವೆ ಬಾಳಿದ ಕವಿಗೆ, ಕ್ರಿಯೆ ಸಾಧ್ಯವಾಗಿರುವಾಗ ಸಂಕಲ್ಪ ಸಾಲದೆಂಬ ಮಾತು ದಿನಬಳಕೆಯ ಅನುಭವದಿಂದಲೂ ಬಂದಿರಬಹುದು.

ಐತಿಹ್ಯಕ್ಕೂ ಪತ್ರಗಳಿಗೂ ಇರುವ ಅಂತರವು ವಿಮರ್ಶೆಯ ದೃಷ್ಟಿಯಿಂದಲೂ ಮುಖ್ಯವಾದುದು. ಐತಿಹ್ಯವು ಕವಿತೆಯನ್ನು ಪೂರ್ತಿಗೊಳಿಸಲು ಕವಿಯ ರಕ್ತವನ್ನು ಬೇಡುತ್ತದೆ. ಆದರೆ ಹಲೇವಿಯ ಕಾವ್ಯಕ್ಕೆ ಹುತಾತ್ಮನ ಮರಣ ಬೇಕಾಗಿರಲಿಲ್ಲ, ಹೊರಡುವ ಧೈರ್ಯ ಬೇಕಾಗಿತ್ತು. ಗಾಳಿಗಾಗಿ ಕಾಯುತ್ತ ಹಡಗಿನಲ್ಲಿ ಕುಳಿತ ವೃದ್ಧನ ಚಿತ್ರವು ಐತಿಹ್ಯದ ಚಿತ್ರದಷ್ಟು ರೋಮಾಂಚಕಾರಿಯಲ್ಲವಾದರೂ ಅವನ ಕೃತಿಗೆ ಹೆಚ್ಚು ಉಚಿತವಾದುದು. ಸ್ಪೇನಿನಲ್ಲಿ ಕಾಯುವುದು ಬೇರೆ, ಹಡಗಿನ ಮೇಲೆ ಕಾಯುವುದು ಬೇರೆ.

೬

ಕವಿ ಹೋದ ಮೇಲೆ ಅವನ ಗೀತಕ್ಕೆ ವಿಚಿತ್ರವಾದ ಗತಿಯೊದಗಿತು. ದೇವಾಲಯದ ನಾಶವನ್ನು ನೆನೆದು ಉಪವಾಸವಿರುವ ಆಬ್ ಮಾಸದ ಒಂಬತ್ತನೆಯ ದಿನದ ಶೋಕಗೀತಗಳಲ್ಲಿ ಅದು ಸೇರಿತು. ಅದರ ಧಾಟಿಯನ್ನು ಅನುಸರಿಸಿ ಹಲವು ಕವಿಗಳು ಗೀತಗಳನ್ನು ಕಟ್ಟಿದರು. ೧೨೪೦ರ ದಶಕದಲ್ಲಿ ಪ್ಯಾರಿಸಿನಲ್ಲಿ ತಾಲ್ಮೂದಿನ ಹಸ್ತಪ್ರತಿಗಳನ್ನು ಗಾಡಿಗಟ್ಟಲೆ ಸುಟ್ಟಾಗ, ರೋಥೆನ್‌ಬುರ್ಗಿನ ಮೇಯೀರ್ ಎಂಬ ಗುರುವು ಆ ಬೆಂಕಿಯನ್ನು ಕುರಿತು ಹಲೇವಿಯ ಧಾಟಿಯಲ್ಲಿಯೇ ಅತ್ತನು. ಆ ಮೇಯೀರನೇ ೧೨೮೬ರಲ್ಲಿ ಜರ್ಮನಿಯನ್ನು ಬಿಟ್ಟು ಪವಿತ್ರಭೂಮಿಗೆ ಹೊರಟು, ದಾರಿಯಲ್ಲಿ ಸೆರೆಸಿಕ್ಕಿ, ೧೨೯೩ರಲ್ಲಿ ಸೆರೆಯಲ್ಲಿಯೇ ತೀರಿಕೊಂಡನು. ಅಭ್ಯಾಸದ ಪ್ರಾರ್ಥನೆಯನ್ನು ಗಿಳಿಪಾಠವೆಂದು ಹಳಿದವನ ಗೀತವೇ ವರ್ಷಕ್ಕೊಮ್ಮೆ ವಿಧಿಯಾಗಿ ಓದುವ ಪಾಠವಾಯಿತೆಂದು ಒಬ್ಬರು ಆಕ್ಷೇಪಿಸಬಹುದು. ಆದರೆ ಆ ಪಾಠದೊಳಗಿನಿಂದಲೇ ಆಗಾಗ ಒಬ್ಬೊಬ್ಬನು ಎದ್ದು ಹೊರಟನೆಂಬುದನ್ನೂ ಮರೆಯಬಾರದು. ವಿಧಿಯು ಕಿಚ್ಚನ್ನು ಬೂದಿಯಿಂದ ಮುಚ್ಚುತ್ತದೆ. ಮುಚ್ಚಿದ ಬೂದಿಯೇ ಕೆಂಡವನ್ನು ಆರದಂತೆ ಕಾಯುತ್ತದೆ.

೧೮೯೭ರಲ್ಲಿ ಬಾಸೆಲ್ ನಗರದಲ್ಲಿ ಸೇರಿದ ಮೊದಲ ಚೀಯೋನ್‌ವಾದಿ ಮಹಾಸಭೆಯಿಂದ ೧೯೪೮ರವರೆಗಿನ ಚರಿತ್ರೆಯಲ್ಲಿ ಮರಳುವಿಕೆಯು ಒಂದು ಜನಾಂಗದ ರಾಜಕೀಯ ಕಾರ್ಯವಾಯಿತು. ನಡುವೆ ಯೂರೋಪಿನಲ್ಲಿ ೬೦ ಲಕ್ಷ ಯೆಹೂದ್ಯರ ಕೊಲೆ ನಡೆದುಹೋಯಿತು. ಉಳಿವೆಂಬುದು ತತ್ತ್ವದ ಪ್ರಶ್ನೆಯಾಗಿರದೆ ಪ್ರಾಣದ ಪ್ರಶ್ನೆಯಾಯಿತು. ೧೯೬೭ರಲ್ಲಿ ನವೋಮಿ ಶೆಮೆರ್ ಯೆರೂಸಲೇಮನ್ನು ಕುರಿತು ರಚಿಸಿದ ಪ್ರಸಿದ್ಧ ಗೀತದಲ್ಲಿಯೂ ಹಲೇವಿಯ ಕಿನ್ನರಿಯ ರೂಪಕ ಮರುದನಿಗೊಂಡಿದೆ. ಹೀಗಿದ್ದರೂ, ೧೨ನೆಯ ಶತಮಾನದ ಯಾತ್ರಿಕನನ್ನು ೨೦ನೆಯ ಶತಮಾನದ ರಾಜಕಾರಣಕ್ಕೆ ಸಾಕ್ಷಿಯಾಗಿ ಕರೆಯುವಾಗ ವಿಮರ್ಶಕನು ಎಚ್ಚರದಿಂದಿರಬೇಕು. ಹಲೇವಿಯು ಹೊರಟದ್ದು ಒಬ್ಬನೇ, ಆಳಲು ಅಲ್ಲ, ಧೂಳನ್ನು ಮುಟ್ಟಲು. ಅವನ ಕಾವ್ಯವನ್ನು ಪ್ರೀತಿಸಿ ೧೯೨೦ರ ದಶಕದಲ್ಲಿ ಜರ್ಮನ್ ಭಾಷೆಗೆ ತಂದ ತತ್ತ್ವಜ್ಞಾನಿ ರೋಸೆನ್‌ತ್ಸ್ವೈಗ್ ಚೀಯೋನ್‌ವಾದಿಯಾಗಿರಲಿಲ್ಲವೆಂಬುದೂ ಸ್ಮರಣೀಯ. ಜೊತೆಗೆ, ೧೯೪೮ರ ಯುದ್ಧದಲ್ಲಿ ಸುಮಾರು ೭ ಲಕ್ಷ ಪ್ಯಾಲೆಸ್ತೀನೀ ಅರಬರು ಮನೆಮಾರುಗಳನ್ನು ಕಳೆದುಕೊಂಡರು. ಕಳೆದುಹೋದ ಊರಿನ ನೆನಪು ಅವರಲ್ಲಿಯೂ ತಲೆಮಾರಿನಿಂದ ತಲೆಮಾರಿಗೆ ಸಾಗಿ ಬಂದಿದೆ. ಹಲೇವಿಯನ್ನು ಸಹೃದಯನಾಗಿ ಓದಿದವನಿಗೆ ಆ ಹಂಬಲವೂ ಅರ್ಥವಾಗಬೇಕು. ಒಂದು ನೋವನ್ನು ತಿಳಿಯಲು ಕಲಿತು ಇನ್ನೊಂದಕ್ಕೆ ಕಿವುಡಾಗುವುದು ಕಾವ್ಯಾಭ್ಯಾಸದ ಫಲವಾಗಲಾರದು.

ಒಟ್ಟಿನಲ್ಲಿ ಹೇಳುವುದಾದರೆ, ಶ್ರದ್ಧೆಯೇ ಈ ಜನವನ್ನು ಉಳಿಸಿತೆಂಬ ಮಾತು ಅಸತ್ಯವಲ್ಲ, ಅಪೂರ್ಣ. ನೆನಪು ಮತ್ತು ತಾಳ್ಮೆಗಳ ಜೊತೆಗೆ ಆ ಶ್ರದ್ಧೆಯೊಳಗೆ ತನ್ನನ್ನು ತಾನೇ ಸಂದೇಹಿಸುವ, ತನ್ನ ಪ್ರಾರ್ಥನೆಗೆ ತಾನೇ ನಾಚುವ ಒಂದು ಶಕ್ತಿಯೂ ಇದ್ದಿತು. ಪರಮತದ ಅರಸನ ಬಾಯಿಂದ ತನ್ನ ಪಂಡಿತನನ್ನು ನಾಚಿಸಿ, ಆ ನಾಚಿಕೆಯನ್ನು ಮುಚ್ಚಿಡದೆ ಗ್ರಂಥದ ನಡುವೆ ಇಟ್ಟು, ಐವತ್ತನ್ನು ಮೀರಿದ ವಯಸ್ಸಿನಲ್ಲಿ ಮಗಳನ್ನೂ ಮೊಮ್ಮಗನನ್ನೂ ಬಿಟ್ಟು ಹಡಗನ್ನೇರಿದ ಕವಿಯಲ್ಲಿ ಆ ಶಕ್ತಿ ಮೂರ್ತಿವೆತ್ತಿತು. ಅವನ ಗೀತಗಳನ್ನು ತರಗತಿಯಲ್ಲಿ ಓದಿಸುವ ಅಧ್ಯಾಪಕರು ಅವುಗಳ ಮಾಧುರ್ಯದೊಡನೆ ಈ ಕಾಠಿಣ್ಯವನ್ನೂ ವಿದ್ಯಾರ್ಥಿಗಳಿಗೆ ಕಾಣಿಸಿಕೊಟ್ಟರೆ ಹಲೇವಿಗೆ ನ್ಯಾಯ ಸಲ್ಲಿಸಿದಂತಾಗುತ್ತದೆ.